ಟರ್ಬೊ ವಾಹನದ ಎಳೆತ ಕುಗ್ಗಿದಾಗ ದೋಷವನ್ನು ಗುರುತಿಸುವ ಬಗೆ

ಬೆಳೆಯ ಎಲೆ ಹಳದಿಯಾದೊಡನೆ ಯೂರಿಯ ಚೀಲ ಬಿಚ್ಚುವ ರೈತರು ಇಂದಿಗೂ ಇದ್ದಾರೆ. ಎಲೆ ಹಳದಿಯಾಗಲು ಸಾರಜನಕದ ಕೊರತೆಯೊಂದೇ ಕಾರಣವಲ್ಲ. ಕಬ್ಬಿಣದ ಅಂಶ ಸಾಲದೆ ಇರಬಹುದು, ಬುಡದಲ್ಲಿ ನೀರು ನಿಂತಿರಬಹುದು, ಬೇರಿಗೆ ಜಂತುಹುಳು ತಗಲಿರಬಹುದು. ನೀರು ನಿಂತ ಹೊಲಕ್ಕೆ ಯೂರಿಯ ಹಾಕಿದರೆ ಗೊಬ್ಬರಕ್ಕೆ ಕೊಟ್ಟ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಟರ್ಬೊ ಅಳವಡಿಸಿದ ವಾಹನಗಳ ವಿಷಯದಲ್ಲಿಯೂ ಇದೇ ಬಗೆಯ ತಪ್ಪು ನಡೆಯುತ್ತಿದೆ. ಏರಿನಲ್ಲಿ ವಾಹನ ಎಳೆಯುತ್ತಿಲ್ಲ ಎಂದ ಕೂಡಲೇ ಟರ್ಬೊ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಿಸಲಾಗುತ್ತದೆ. ಕಾರಣ ಬೇರೆಲ್ಲೋ ಇದ್ದರೆ ದೋಷ ಹಾಗೆಯೇ ಉಳಿಯುತ್ತದೆ.

ಈ ಲೇಖನಕ್ಕೆ ನನ್ನದೇ ಒಂದು ಅನುಭವ ಪ್ರೇರಣೆ. ನಾನು ಬೇಸಾಯಶಾಸ್ತ್ರದ ವಿಜ್ಞಾನಿ, ಯಂತ್ರಗಳ ಪರಿಣತನಲ್ಲ. ಕೆಲವು ವರ್ಷಗಳ ಕೆಳಗೆ ಕ್ಷೇತ್ರೋತ್ಸವವೊಂದಕ್ಕೆ ಬಿತ್ತನೆ ಬೀಜದ ಚೀಲಗಳನ್ನು ಹೇರಿಕೊಂಡು ಹೊರಟಾಗ ನನ್ನ ಡೀಸೆಲ್ ಕಾರು ಏರುದಾರಿಯಲ್ಲಿ ಇದ್ದಕ್ಕಿದ್ದಂತೆ ಸೋತಿತು. ಎರಡನೇ ಗೇರಿನಲ್ಲಿ ತೆವಳುತ್ತಾ ಊರು ಸೇರಬೇಕಾಯಿತು. ವರ್ಕ್‌ಶಾಪೊಂದರಲ್ಲಿ ಬಾನೆಟ್ ಎತ್ತಿ ನೋಡಿದವರೇ ಟರ್ಬೊ ಹೋಗಿದೆ, ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತ ಹಾಲು ಕರೆಯುವ ಒಂದು ಎಮ್ಮೆಯ ಬೆಲೆಗೆ ಹತ್ತಿರವಿತ್ತು. ಅಷ್ಟು ಹಣ ಕೈಯಲ್ಲಿರಲಿಲ್ಲವಾದ್ದರಿಂದ ಕಾರನ್ನು ಹಾಗೆಯೇ ವಾಪಸು ತಂದೆ. ಕೃಷಿ ಎಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಯೊಬ್ಬರು ಅರ್ಧ ಗಂಟೆ ಪರೀಕ್ಷಿಸಿ, ಬೆರಳಿಗಿಂತ ಸಣ್ಣದಾದ ಒಂದು ರಬ್ಬರ್ ಕೊಳವೆಯನ್ನು ತೋರಿಸಿದರು. ಅದನ್ನು ಇಲಿ ಕಡಿದಿತ್ತು. ಶೇಂಗಾ ದಾಸ್ತಾನಿನ ಪಕ್ಕದಲ್ಲಿ ಕಾರು ನಿಲ್ಲಿಸುತ್ತಿದ್ದುದೇ ಇದಕ್ಕೆ ಕಾರಣ. ಒಂದು ಮೊಳ ಕೊಳವೆ ತಂದು ಹಾಕಿದ ಮೇಲೆ ಕಾರು ಮೊದಲಿನಂತಾಯಿತು. ಅಂದು ಅವರು ಅನುಸರಿಸಿದ ಕ್ರಮವನ್ನೂ ಆಮೇಲೆ ನಾನು ಓದಿ ಕೇಳಿ ತಿಳಿದುದನ್ನೂ ಇಲ್ಲಿ ವಿವರಿಸಿದ್ದೇನೆ.

ಇಂದು ರೈತರ ಮನೆಗಳಲ್ಲಿರುವ ಡೀಸೆಲ್ ಕಾರು, ಜೀಪು ಮತ್ತು ಪಿಕಪ್ ವಾಹನಗಳಲ್ಲಿ ಬಹುಪಾಲಿಗೆ ಟರ್ಬೊ ಇದೆ. ಹೆಚ್ಚು ಅಶ್ವಶಕ್ತಿಯ ಹಲವು ಟ್ರ್ಯಾಕ್ಟರುಗಳಲ್ಲಿಯೂ ಇದೆ. ಆದ್ದರಿಂದ ಈ ವಿಷಯವನ್ನು ಪ್ರತಿಯೊಬ್ಬ ರೈತನೂ ಸ್ಥೂಲವಾಗಿಯಾದರೂ ತಿಳಿದಿರುವುದು ಒಳ್ಳೆಯದು.

ಟರ್ಬೊ ಮಾಡುವ ಕೆಲಸ

ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು 12 ಕಿಲೋಗ್ರಾಂ ಗಾಳಿ ಬೇಕು. ಅಳತೆಯಲ್ಲಿ ಇದು ಸುಮಾರು 10 ಘನ ಮೀಟರ್ ಆಗುತ್ತದೆ. ಹೊಗೆಯಿಲ್ಲದೆ ಉರಿಯಬೇಕಾದರೆ ಇದಕ್ಕಿಂತಲೂ ಹೆಚ್ಚು ಗಾಳಿ ಇರಬೇಕು. ಡೀಸೆಲನ್ನು ಹೆಚ್ಚು ಚಿಮ್ಮಿಸುವುದು ಸುಲಭ, ಗಾಳಿಯನ್ನು ಹೆಚ್ಚು ತುಂಬಿಸುವುದು ಕಷ್ಟ. ಯಾವ ಪೋಷಕಾಂಶ ತೀರಾ ಕಡಿಮೆ ಇದೆಯೋ ಅದೇ ಬೆಳೆಯ ಇಳುವರಿಯನ್ನು ನಿರ್ಧರಿಸುವಂತೆ, ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಅದರೊಳಗೆ ಸೇರುವ ಗಾಳಿ ನಿರ್ಧರಿಸುತ್ತದೆ.

ಈ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೊಚಾರ್ಜರ್. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿ ಎಂಬಾತ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಇದರಲ್ಲಿ ಒಂದೇ ದಂಡದ ಎರಡು ತುದಿಗಳಿಗೆ ಎರಡು ರೆಕ್ಕೆಚಕ್ರಗಳಿರುತ್ತವೆ. ಎಂಜಿನ್ನಿನಿಂದ ರಭಸವಾಗಿ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇದಕ್ಕೆ ಟರ್ಬೈನ್ ಎನ್ನುತ್ತಾರೆ. ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಅದರೊಡನೆ ತಿರುಗಿ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತುತ್ತದೆ. ಕಾರಿನ ಟರ್ಬೊ ಪೂರ್ಣ ಹೊರೆಯಲ್ಲಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಈ ವೇಗದ ದಂಡವನ್ನು ಹೊತ್ತಿರುವುದು ಎಂಜಿನ್ ಆಯಿಲಿನ ತೆಳುವಾದ ಪದರ ಮಾತ್ರ.

ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದು 100 ಡಿಗ್ರಿಯನ್ನು ಮೀರುತ್ತದೆ. ಬಿಸಿ ಗಾಳಿಯ ಸಾಂದ್ರತೆ ಕಡಿಮೆ. ಆದ್ದರಿಂದ ಅದನ್ನು ರೇಡಿಯೇಟರಿನಂಥ ಇಂಟರ್‌ಕೂಲರಿನ ಮೂಲಕ ಹಾಯಿಸಿ ತಣಿಸಿ ಎಂಜಿನ್ನಿಗೆ ಬಿಡುತ್ತಾರೆ.

ಒತ್ತಡ ಮಿತಿಮೀರದಂತೆ ಕಾಯಲು ಎರಡು ಬಗೆಯ ಏರ್ಪಾಟುಗಳಿವೆ. ಮೊದಲನೆಯದು ವೇಸ್ಟ್‌ಗೇಟ್. ಇದು ಕಾಲುವೆಯ ತೂಬಿನಂತೆ. ಒತ್ತಡ ಗೊತ್ತಾದ ಮಟ್ಟಕ್ಕೆ ಬಂದಾಗ ತೆರೆದುಕೊಂಡು ಹೊಗೆಯ ಒಂದು ಭಾಗವನ್ನು ಟರ್ಬೈನಿಗೆ ತಾಗದಂತೆ ಪಕ್ಕಕ್ಕೆ ಬಿಡುತ್ತದೆ. ಎರಡನೆಯದರಲ್ಲಿ ಟರ್ಬೈನಿನ ಸುತ್ತ ಅತ್ತಿತ್ತ ಹೊರಳುವ ಸಣ್ಣ ರೆಕ್ಕೆಗಳಿರುತ್ತವೆ. ಇವು ಕಿರಿದಾದರೆ ಹೊಗೆಯ ವೇಗ ಹೆಚ್ಚಿ ಒತ್ತಡ ಏರುತ್ತದೆ, ಅಗಲವಾದರೆ ಇಳಿಯುತ್ತದೆ. ಇದನ್ನು ವಿ.ಜಿ.ಟಿ. ಎಂದು ಕರೆಯುತ್ತಾರೆ. ನಿಮ್ಮ ವಾಹನದಲ್ಲಿ ಯಾವ ಬಗೆಯದಿದೆ ಎಂಬುದನ್ನು ಮೊದಲೇ ತಿಳಿದಿಡಿರಿ. ಒಂದೇ ದೋಷ ಎರಡರಲ್ಲಿ ತದ್ವಿರುದ್ಧ ಪರಿಣಾಮ ತೋರುವುದನ್ನು ಮುಂದೆ ಕಾಣುವಿರಿ.

ಒತ್ತಡದ ಲೆಕ್ಕ

ನಮ್ಮ ಸುತ್ತಲಿನ ಗಾಳಿಗೇ ಒಂದು ಒತ್ತಡವಿದೆ. ಸಮುದ್ರ ಮಟ್ಟದಲ್ಲಿ ಅದು ಸುಮಾರು 1.01 ಬಾರ್. ಮೇಲೇರಿದಂತೆ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಸುಮಾರು 1.01 ಬಾರ್ ಇದ್ದರೆ ಧಾರವಾಡದಲ್ಲಿ 0.93, ಬೆಂಗಳೂರಿನಲ್ಲಿ 0.91, ಮಡಿಕೇರಿಯಲ್ಲಿ 0.88 ಬಾರಿನ ಆಸುಪಾಸು ಇರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಘಟ್ಟ ಹತ್ತುವ ವಾಹನಗಳಿಗೆ ಟರ್ಬೊ ಅನುಕೂಲವಾಗಿರುವುದು ಇದರಿಂದಲೇ.

ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿ ಟರ್ಬೊ ತುಂಬುವ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಡೀಸೆಲ್ ಕಾರುಗಳಲ್ಲಿ ಪೂರ್ಣ ಹೊರೆಯಲ್ಲಿ ಇದು ಸಾಮಾನ್ಯವಾಗಿ 1ರಿಂದ 1.5 ಬಾರ್ ಇರುತ್ತದೆ. ಹಳೆಯ ಬಗೆಯ ಎಂಜಿನ್ನುಗಳಲ್ಲಿ ಇದಕ್ಕೂ ಕಡಿಮೆ. 1 ಬಾರ್ ಎಂದರೆ ಟೈರಿಗೆ ಗಾಳಿ ಹಾಕಿಸುವಾಗ ಹೇಳುವ 14.5 ಪೌಂಡ್. ನಿಮ್ಮ ವಾಹನಕ್ಕೆ ಸರಿಯಾದ ಅಂಕಿಯನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯಬೇಕು.

ಇಲ್ಲೊಂದು ಗೊಂದಲವಿದೆ. ಡಯಲ್ ಗೇಜು ತೋರಿಸುವುದು ಬೂಸ್ಟನ್ನು ಮಾತ್ರ. ವಾಹನದ ಸೆನ್ಸರ್ ಮತ್ತು ಅದನ್ನು ಓದುವ ಸ್ಕ್ಯಾನರ್ ಸಾಮಾನ್ಯವಾಗಿ ತೋರಿಸುವುದು ಸುತ್ತಲಿನ ಒತ್ತಡವೂ ಸೇರಿದ ಒಟ್ಟು ಮೊತ್ತವನ್ನು. ಬೆಂಗಳೂರಿನಲ್ಲಿ ಬೂಸ್ಟ್ 1 ಬಾರ್ ಇದ್ದಾಗ ಸ್ಕ್ಯಾನರಿನಲ್ಲಿ 1.91 ಬಾರ್, ಅಂದರೆ 191 ಕಿಲೋಪಾಸ್ಕಲ್ ಕಾಣುತ್ತದೆ. ಈ ವ್ಯತ್ಯಾಸ ತಿಳಿಯದೆ ಸರಿಯಿರುವ ಟರ್ಬೊವನ್ನು ಕೆಟ್ಟಿದೆ ಎಂದೂ ಕೆಟ್ಟಿರುವುದನ್ನು ಸರಿಯಿದೆ ಎಂದೂ ಹೇಳುವುದುಂಟು.

ದೋಷದ ಲಕ್ಷಣಗಳು

ಒತ್ತಡ ಸಾಲದಾದಾಗ ಕಂಡುಬರುವ ಲಕ್ಷಣಗಳು:

1. ಹೊರೆ ಇದ್ದಾಗ, ಏರಿನಲ್ಲಿ ಎಳೆತ ಕುಗ್ಗುವುದು. ಸಮದಾರಿಯಲ್ಲಿ ಖಾಲಿ ಓಡುವಾಗ ವ್ಯತ್ಯಾಸ ಅಷ್ಟಾಗಿ ತಿಳಿಯದು.
2. ಹಳೆಯ ಎಂಜಿನ್ನುಗಳಲ್ಲಿ ದಟ್ಟವಾದ ಕಪ್ಪು ಹೊಗೆ. ಡೀಸೆಲ್ ಇದ್ದು ಗಾಳಿ ಸಾಲದಿರುವುದರ ಗುರುತು ಇದು.
3. ಆಕ್ಸಿಲರೇಟರ್ ಒತ್ತಿದಾಗ ಬುಸುಗುಟ್ಟುವ ಅಥವಾ ಸಿಳ್ಳೆಯಂಥ ಹೊಸ ಶಬ್ದ.
4. ಡೀಸೆಲ್ ಖರ್ಚು ಹೆಚ್ಚಾಗುವುದು.

ಕಂಪ್ಯೂಟರ್ ನಿಯಂತ್ರಣವಿರುವ ಈಚಿನ ವಾಹನಗಳಲ್ಲಿ ಒತ್ತಡ ಕಡಿಮೆಯಾದರೂ, ಮಿತಿಮೀರಿದರೂ, ಎಂಜಿನ್ನನ್ನು ಕಾಪಾಡಲು ಡೀಸೆಲನ್ನು ಕಡಿತ ಮಾಡಲಾಗುತ್ತದೆ. ಎಂಜಿನ್ ದೀಪ ಹೊತ್ತಿಕೊಂಡು ವಾಹನ ಮಂದವಾಗುತ್ತದೆ. ಮೆಕ್ಯಾನಿಕರು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ವಾಹನ ನಿಲ್ಲಿಸಿ ಕೀಲಿ ತೆಗೆದು ಮತ್ತೆ ಚಾಲೂ ಮಾಡಿದಾಗ ಸ್ವಲ್ಪ ದೂರ ಚೆನ್ನಾಗಿ ಓಡಿ ಮತ್ತೆ ಸೋತರೆ ಇದೇ ಸ್ಥಿತಿ ಎಂದು ಊಹಿಸಬಹುದು. ಆಗ ದೋಷದ ಸಂಕೇತ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಅದನ್ನು ಓದಿಸುವ ಮೊದಲು ಬ್ಯಾಟರಿ ತಂತಿ ಬಿಚ್ಚಬೇಡಿರಿ, ಇದ್ದ ಸುಳಿವು ಅಳಿಸಿಹೋಗಬಹುದು.

ಎಳೆತ ಕುಗ್ಗಿದ್ದಕ್ಕೆಲ್ಲಾ ಟರ್ಬೊ ಹೊಣೆಯಲ್ಲ ಎಂಬುದನ್ನೂ ನೆನಪಿಡಬೇಕು. ಎಂಜಿನ್ನಿನ ವೇಗ ಏರಿ ವಾಹನದ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿದ ಮೇಲೆ ಒಂದು ಚಕ್ರದ ಗುಂಬ ಮಾತ್ರ ಹೆಚ್ಚು ಬಿಸಿಯಿದ್ದರೆ ಬ್ರೇಕು ಹಿಡಿದುಕೊಂಡಿದೆ. ಹೊಗೆಯೇ ಇಲ್ಲದೆ ಹೊರೆಯಲ್ಲಿ ಸೋಲುತ್ತಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಇವುಗಳನ್ನು ಮೊದಲು ನೋಡಿ ಬಿಡುವುದು ಲೇಸು.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ ಎಂಬ ನಿಯಮವನ್ನು ಪಾಲಿಸಿರಿ. ಮೊದಲ ಮೂರು ಹಂತಗಳನ್ನು ನೀವೇ ಮನೆಯಲ್ಲಿ ನೋಡಬಹುದು. ಎಂಜಿನ್ ನಿಂತಿರಬೇಕು ಮತ್ತು ಪೂರ್ತಿ ತಣ್ಣಗಾಗಿರಬೇಕು. ಟರ್ಬೊ ಮತ್ತು ಅದರ ಹೊಗೆಯ ಕೊಳವೆಗಳು ಮುಟ್ಟಿದರೆ ಚರ್ಮ ಸುಲಿಯುವಷ್ಟು ಕಾದಿರುತ್ತವೆ.

*ಒಂದನೇ ಹಂತ: ದೋಷ ಯಾವಾಗ ಬಂತು?*

ಒಂದೇ ದಿನದಲ್ಲಿ ಬಂದ ದೋಷಕ್ಕೂ ತಿಂಗಳುಗಟ್ಟಲೆ ಬೆಳೆದ ದೋಷಕ್ಕೂ ಕಾರಣಗಳು ಬೇರೆ. ಇದ್ದಕ್ಕಿದ್ದಂತೆ ಬಂದಿದ್ದರೆ ಕೊಳವೆ ಕಳಚಿರುವುದು, ಹರಿದಿರುವುದು, ಇಲಿ ಕಡಿದಿರುವುದು ಅಥವಾ ತಂತಿ ಬಿಟ್ಟಿರುವುದು ಹೆಚ್ಚು ಸಂಭವ. ನಿಧಾನವಾಗಿ ಬಂದಿದ್ದರೆ ಏರ್ ಫಿಲ್ಟರ್ ಕಟ್ಟಿರುವುದು, ಮಸಿ ಸೇರಿರುವುದು ಅಥವಾ ಸವೆತ ಇರಬಹುದು. ಸರ್ವೀಸ್ ಮಾಡಿಸಿದ ಮಾರನೆಯ ದಿನವೇ ಆರಂಭವಾಗಿದ್ದರೆ ಆ ಕೆಲಸದಲ್ಲಿ ಬಿಚ್ಚಿದ ಜೋಡಣೆಗಳನ್ನೇ ಮೊದಲು ನೋಡಬೇಕು.

*ಎರಡನೇ ಹಂತ: ಏರ್ ಫಿಲ್ಟರ್*

ರಾಗಿ, ಜೋಳ ಒಕ್ಕುವ ಕಾಲದಲ್ಲಿ ಕಣದ ಸುತ್ತ ಓಡಾಡುವ ವಾಹನದ ಫಿಲ್ಟರ್ ಬೇಗ ಕಟ್ಟುತ್ತದೆ. ಕಾಗದದ ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿರಿ. ಕೊಡವಲು ಗಾಳಿ ಬಳಸುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಬೇಕು. ಹೊರಗಿನಿಂದ ಊದಿದರೆ ಧೂಳು ಕಾಗದದೊಳಗೆ ಸೇರಿಕೊಳ್ಳುತ್ತದೆ. ಹರಿದಿದ್ದರೆ, ಎಣ್ಣೆ ಹಿಡಿದಿದ್ದರೆ ಬದಲಿಸಿರಿ. ಫಿಲ್ಟರ್ ತೆಗೆದು ಓಡಿಸಿ ನೋಡುವ ಅಭ್ಯಾಸ ಕೆಲವರಲ್ಲಿದೆ. ಇದು ಸಲ್ಲದು. ಆ ವೇಗದಲ್ಲಿ ತಿರುಗುವ ಕಂಪ್ರೆಸರ್ ರೆಕ್ಕೆಗೆ ಮರಳಿನ ಕಣಗಳು ಅರದಂತೆ ಕೆಲಸ ಮಾಡುತ್ತವೆ.

*ಮೂರನೇ ಹಂತ: ದೊಡ್ಡ ಕೊಳವೆಗಳು ಮತ್ತು ಕ್ಲಾಂಪುಗಳು*

ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ದಪ್ಪ ರಬ್ಬರ್ ಕೊಳವೆಗಳನ್ನು ಕೈಯಿಂದ ತಡವಿ ನೋಡಿರಿ. ಬಿರುಕು ಸಾಮಾನ್ಯವಾಗಿ ಕೆಳಭಾಗದಲ್ಲಿ, ಬಾಗಿದ ಕಡೆ ಇರುತ್ತದೆ. ಮೇಲಿನಿಂದ ನೋಡಿದರೆ ಕಾಣದು. ಒಳಗಿನ ಗಾಳಿಯಲ್ಲಿ ಸ್ವಲ್ಪ ಎಣ್ಣೆಯ ಅಂಶವಿರುತ್ತದೆ. ಸೋರುವ ಜಾಗದಲ್ಲಿ ಅದು ಹೊರಬಂದು ಧೂಳು ಮೆತ್ತಿ ಕಪ್ಪು ಕಲೆಯಾಗುತ್ತದೆ. ಆ ಕಲೆಯೇ ನಿಮಗೆ ದಾರಿ ತೋರಿಸುತ್ತದೆ. ಕೊಳವೆಯ ಒಳಗೆ ತೆಳುವಾಗಿ ಎಣ್ಣೆ ಸವರಿದಂತಿದ್ದರೆ ಹೆದರಬೇಕಾಗಿಲ್ಲ. ಬಟ್ಟಲಿನಲ್ಲಿ ಹಿಡಿಯುವಷ್ಟು ನಿಂತಿದ್ದರೆ ಮಾತ್ರ ಟರ್ಬೊದ ಸೀಲನ್ನು ಸಂಶಯಿಸಬೇಕು.

ಕಣ್ಣಿಗೆ ಕಾಣದ ಸೋರಿಕೆಗೆ ಗ್ಯಾರೇಜಿನಲ್ಲಿ ಒತ್ತಡದ ಪರೀಕ್ಷೆ ಮಾಡಿಸಿರಿ. ಟರ್ಬೊದಿಂದ ಹೊರಡುವ ಕೊಳವೆಯ ಬಾಯನ್ನು ಬಿರಡೆಯಿಂದ ಮುಚ್ಚಿ ಅದರ ಮೂಲಕ ಅರ್ಧದಿಂದ ಒಂದು ಬಾರ್ ಗಾಳಿಯನ್ನು ರೆಗ್ಯುಲೇಟರ್ ಇಟ್ಟು ನಿಧಾನವಾಗಿ ಬಿಡುತ್ತಾರೆ. ಟ್ಯೂಬಿನ ಪಂಕ್ಚರ್ ಹುಡುಕಿದಂತೆ ಸೋಪಿನ ನೀರು ಸವರಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಎಂಜಿನ್ನಿನ ತೆರೆದ ವಾಲ್ವುಗಳ ಮೂಲಕ ಸ್ವಲ್ಪ ಗಾಳಿ ಹೋಗುವುದು ಸಹಜ. ಇಂಟರ್‌ಕೂಲರನ್ನೂ ಮರೆಯದೆ ನೋಡಬೇಕು. ರಸ್ತೆಯ ಕಲ್ಲು ಬಡಿದು ಅದರಲ್ಲಿ ತೂತಾಗಿರಬಹುದು.

*ನಾಲ್ಕನೇ ಹಂತ: ಸಣ್ಣ ಕೊಳವೆಗಳು ಮತ್ತು ಆಕ್ಚುಯೇಟರ್*

ವೇಸ್ಟ್‌ಗೇಟನ್ನಾಗಲಿ ವಿ.ಜಿ.ಟಿ. ರೆಕ್ಕೆಗಳನ್ನಾಗಲಿ ಆಡಿಸುವುದು ಆಕ್ಚುಯೇಟರ್ ಎಂಬ ಡಬ್ಬಿ ಮತ್ತು ಅದರ ಸಣ್ಣ ಸಲಾಕೆ. ಇಲ್ಲಿ ಎಚ್ಚರಿಕೆಯಿಂದ ಗಮನಿಸಿರಿ.

ವೇಸ್ಟ್‌ಗೇಟ್ ಬಗೆಯಲ್ಲಿ ಸಾಮಾನ್ಯವಾಗಿ ಬೂಸ್ಟ್ ಒತ್ತಡವೇ ಡಬ್ಬಿಯನ್ನು ತಳ್ಳಿ ತೂಬನ್ನು ತೆರೆಯುತ್ತದೆ. ಇದರ ಕೊಳವೆ ಹರಿದರೆ ತೂಬು ತೆರೆಯುವುದಿಲ್ಲ, ಒತ್ತಡ ಮಿತಿಮೀರುತ್ತದೆ. ವಿ.ಜಿ.ಟಿ.ಯ ಹಲವು ವಾಹನಗಳಲ್ಲಿ ನಿರ್ವಾತ ಡಬ್ಬಿಯನ್ನು ಎಳೆದು ರೆಕ್ಕೆಗಳನ್ನು ಕಿರಿದು ಮಾಡುತ್ತದೆ. ಇದರ ಕೊಳವೆ ಹರಿದರೆ ರೆಕ್ಕೆಗಳು ಅಗಲವಾಗಿಯೇ ಉಳಿದು ಒತ್ತಡ ಏರುವುದೇ ಇಲ್ಲ. ನನ್ನ ಕಾರಿನಲ್ಲಿ ಆದದ್ದು ಇದೇ. ಒಂದೇ ಇಲಿ, ಒಂದೇ ಬಗೆಯ ಕಡಿತ, ಆದರೆ ಫಲ ತದ್ವಿರುದ್ಧ.

ನಿರ್ವಾತದ ಬಗೆಯಲ್ಲಿ ಪರೀಕ್ಷೆ ಸುಲಭ. ಒಬ್ಬರು ಎಂಜಿನ್ ಚಾಲೂ ಮಾಡಲಿ, ಇನ್ನೊಬ್ಬರು ದೂರದಿಂದ ಸಲಾಕೆಯನ್ನು ನೋಡಲಿ. ಚಾಲೂ ಆದಾಗ ಸಲಾಕೆ ಎಳೆದುಕೊಳ್ಳಬೇಕು, ನಿಂತಾಗ ಮರಳಬೇಕು. ಅಲುಗದಿದ್ದರೆ ಮೆಕ್ಯಾನಿಕ್ ಕೈಪಂಪಿನಿಂದ ಡಬ್ಬಿಗೆ ನಿರ್ವಾತ ಕೊಟ್ಟು ನೋಡುತ್ತಾರೆ. ಪಂಪಿನ ಮುಳ್ಳು ನಿಲ್ಲದೆ ಇಳಿದರೆ ಡಬ್ಬಿಯ ಪೊರೆ ಹರಿದಿದೆ. ಮುಳ್ಳು ನಿಂತು ಸಲಾಕೆ ಅಲುಗದಿದ್ದರೆ ರೆಕ್ಕೆಗಳು ಮಸಿಯಿಂದ ಬಿಗಿದಿವೆ. ಎರಡೂ ಸರಿಯಿದ್ದರೆ ದೋಷ ಕೊಳವೆಯಲ್ಲಿ, ನಿರ್ವಾತದ ಪಂಪಿನಲ್ಲಿ ಅಥವಾ ನಡುವಿನ ಸೊಲೆನಾಯ್ಡ್ ವಾಲ್ವಿನಲ್ಲಿದೆ. ಸೊಲೆನಾಯ್ಡ್ ಬದಲಿಸುವ ಖರ್ಚು ಟರ್ಬೊ ಬದಲಿಸುವ ಖರ್ಚಿನ ಸಣ್ಣ ಭಾಗ ಮಾತ್ರ. ಆಕ್ಚುಯೇಟರ್ ವಿದ್ಯುತ್ತಿನದಾಗಿದ್ದರೆ ಸ್ಕ್ಯಾನರಿನಿಂದಲೇ ಆಡಿಸಿ ನೋಡಬೇಕು.

*ಐದನೇ ಹಂತ: ಸೆನ್ಸರ್*

ಅಳೆಯುವ ಸೇರೇ ಸರಿಯಿಲ್ಲದಿದ್ದರೆ ಅಳತೆಯನ್ನು ನಂಬುವಂತಿಲ್ಲ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ಒತ್ತಡ ಓದಿಸಿರಿ. ಆಗ ಅದು ನಿಮ್ಮ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಬೆಂಗಳೂರಿನಲ್ಲಿ 91 ಕಿಲೋಪಾಸ್ಕಲ್ ಸುತ್ತಮುತ್ತ, ಮಂಗಳೂರಿನಲ್ಲಿ 101ರ ಸುತ್ತಮುತ್ತ ಇರಬೇಕು. 120 ಎಂದೋ 70 ಎಂದೋ ತೋರಿಸಿದರೆ ಸೆನ್ಸರ್ ಅಥವಾ ಅದರ ತಂತಿಯಲ್ಲೇ ದೋಷವಿದೆ. ಸೆನ್ಸರಿನ ಬಾಯಿಗೆ ಮಸಿ ಕಟ್ಟಿದ್ದರೆ ಶುಚಿ ಮಾಡಿದ ಮೇಲೆ ಸರಿಹೋಗುವುದುಂಟು.

*ಆರನೇ ಹಂತ: ರಸ್ತೆಯ ಪರೀಕ್ಷೆ*

ನಿಂತಲ್ಲಿಯೇ ಆಕ್ಸಿಲರೇಟರ್ ಒತ್ತಿ ಟರ್ಬೊ ಪರೀಕ್ಷಿಸುವುದು ವ್ಯರ್ಥ. ಹೊರೆಯಿಲ್ಲದೆ ಹೊಗೆಯಲ್ಲಿ ಬಲವಿಲ್ಲ, ಬಲವಿಲ್ಲದೆ ಬೂಸ್ಟ್ ಏರುವುದಿಲ್ಲ. ವಾಹನಸಂಚಾರವಿಲ್ಲದ ಏರುದಾರಿಯಲ್ಲಿ ಮೂರನೇ ಗೇರಿನಲ್ಲಿ, ನಿಮಿಷಕ್ಕೆ 1500 ಸುತ್ತಿನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಬೇಕು. ಓಡಿಸುವವರು ಒಬ್ಬರು, ಸ್ಕ್ಯಾನರ್ ನೋಡುವವರು ಇನ್ನೊಬ್ಬರು ಇರಲೇಬೇಕು. ಸ್ಕ್ಯಾನರ್ ಬಳಸಲಾಗದ ಹಳೆಯ ವಾಹನ ಮತ್ತು ಟ್ರ್ಯಾಕ್ಟರುಗಳಿಗೆ ಎಂಜಿನ್ನಿನ ಗಾಳಿಯ ಕೊಳವೆಗೆ ಕವಲು ಕೂಡಿಸಿ ಡಯಲ್ ಗೇಜು ಹಾಕಿ ನೋಡುತ್ತಾರೆ. ಟ್ರ್ಯಾಕ್ಟರಿಗೆ ನೇಗಿಲಿನ ಹೊರೆ ಕೊಡಬೇಕು.

ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಬಯಸಿದ ಒತ್ತಡ ಮತ್ತು ನಿಜವಾಗಿ ಬಂದ ಒತ್ತಡ ಎರಡನ್ನೂ ನೋಡಿರಿ. ಅದರ ಅರ್ಥ ಹೀಗಿದೆ:

- ಬಯಸಿದ್ದು ಹೆಚ್ಚು, ಬಂದದ್ದು ಕಡಿಮೆ: ಸೋರಿಕೆ, ಆಕ್ಚುಯೇಟರ್ ದೋಷ, ಹೊಗೆಯ ಕಡೆಯ ದೋಷ ಅಥವಾ ಟರ್ಬೊ ಸವೆತ. ದಾಖಲಾಗುವ ಸಂಕೇತ ಸಾಮಾನ್ಯವಾಗಿ ಪಿ 0299.
- ಬಂದದ್ದು ಬಯಸಿದ್ದಕ್ಕಿಂತ ಹೆಚ್ಚು: ವೇಸ್ಟ್‌ಗೇಟ್ ತೆರೆಯುತ್ತಿಲ್ಲ ಅಥವಾ ವಿ.ಜಿ.ಟಿ. ರೆಕ್ಕೆಗಳು ಕಿರಿದಾಗಿಯೇ ಸಿಕ್ಕಿಕೊಂಡಿವೆ. ಸಂಕೇತ ಪಿ 0234.
- ಎರಡೂ ಕಡಿಮೆ, ಆದರೆ ಒಂದಕ್ಕೊಂದು ಸಮ: ಟರ್ಬೊ ಹೇಳಿದಷ್ಟು ಕೆಲಸ ಮಾಡುತ್ತಿದೆ. ಬೇರೆ ಯಾವುದೋ ದೋಷದಿಂದ ಕಂಪ್ಯೂಟರೇ ಕಡಿಮೆ ಕೇಳುತ್ತಿದೆ. ಇಲ್ಲಿ ಟರ್ಬೊ ಬದಲಿಸಿದರೆ ಹಣ ದಂಡ.

ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಪಿ 0299 ಎಂದರೆ ಒತ್ತಡ ಸಾಲದು ಎಂದಷ್ಟೇ ಅರ್ಥ. ಟರ್ಬೊ ಬದಲಿಸಿರಿ ಎಂದು ಅರ್ಥವಲ್ಲ.

*ಏಳನೇ ಹಂತ: ಹೊಗೆಯ ಕಡೆ*

ಎಂಜಿನ್ನಿಗೂ ಟರ್ಬೊಗೂ ನಡುವಿನ ಜೋಡಣೆಯಲ್ಲಿ ಹೊಗೆ ಸೋರಿದರೆ ಟರ್ಬೈನಿಗೆ ಬಲ ಸಾಲದು. ಸೋರುವ ಕಡೆ ಮಸಿಯ ಗೆರೆ, ತಣ್ಣನೆಯ ಎಂಜಿನ್ ಚಾಲೂ ಆದಾಗ ಟಿಕ್ ಟಿಕ್ ಶಬ್ದ ಇದರ ಗುರುತು. ಹೊಗೆಯನ್ನು ಒಳಕ್ಕೆ ಮರಳಿಸುವ ಇ.ಜಿ.ಆರ್. ವಾಲ್ವು ತೆರೆದೇ ಸಿಕ್ಕಿಕೊಂಡರೂ ಒತ್ತಡ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ಮುಂದೆ ಸೈಲೆನ್ಸರಿನ ಕಡೆ ಅಡ್ಡಿಯಿದ್ದರೂ ಟರ್ಬೊ ಏಳುವುದಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಊರೊಳಗೆ ಸ್ವಲ್ಪ ಸ್ವಲ್ಪ ದೂರವೇ ಓಡುವ ವಾಹನದಲ್ಲಿ ಇದು ಬೇಗ ಕಟ್ಟುತ್ತದೆ. ಆಗಾಗ್ಗೆ ಹೆದ್ದಾರಿಯಲ್ಲಿ ಕೈಪಿಡಿ ಹೇಳುವಂತೆ ಓಡಿಸಿದರೆ ಹಿಡಿದ ಮಸಿ ಉರಿದುಹೋಗುತ್ತದೆ.

*ಎಂಟನೇ ಹಂತ: ಟರ್ಬೊ*

ಇಷ್ಟೆಲ್ಲಾ ಸರಿಯಿದ್ದರೆ ಮಾತ್ರ ಟರ್ಬೊವನ್ನು ನೋಡಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಗಾಳಿ ಒಳಬರುವ ಕೊಳವೆ ಬಿಚ್ಚಿ ರೆಕ್ಕೆಗಳನ್ನು ದೀಪ ಹಾಕಿ ನೋಡಿರಿ. ಅಂಚು ಮುಕ್ಕಾಗಿದ್ದರೆ ಹೊರಗಿನ ವಸ್ತು ಸೇರಿದೆ. ಬೆರಳಿನಿಂದ ತಿರುಗಿಸಿದಾಗ ತಡೆಯಿಲ್ಲದೆ ತಿರುಗಬೇಕು. ದಂಡವನ್ನು ಅಕ್ಕಪಕ್ಕಕ್ಕೆ ಅಲುಗಿಸಿದಾಗ ತುಸು ಆಟವಿರುವುದು ಸಹಜ. ಆಯಿಲಿನ ಪದರಕ್ಕೆ ಅಷ್ಟು ಜಾಗ ಬೇಕು. ಆದರೆ ರೆಕ್ಕೆ ಗೋಡೆಗೆ ತಾಗಬಾರದು, ದಂಡ ಹಿಂದೆ ಮುಂದೆ ಕೈಗೆ ತಿಳಿಯುವಂತೆ ಆಡಬಾರದು. ಹಾಗಿದ್ದರೆ ಟರ್ಬೊ ಕೆಟ್ಟಿರುವುದು ನಿಜ.

ಆಗಲೂ ಹೊಸದನ್ನು ಹಾಕುವ ಮುನ್ನ ಹಳೆಯದು ಏಕೆ ಕೆಟ್ಟಿತು ಎಂದು ತಿಳಿಯಲೇಬೇಕು. ಟರ್ಬೊಗೆ ಆಯಿಲ್ ತರುವ ಸಣ್ಣ ಕೊಳವೆ ಕರಿಕಟ್ಟಿದ್ದರೆ, ಮರಳಿಸುವ ಕೊಳವೆ ಮುಚ್ಚಿದ್ದರೆ, ಆಯಿಲ್ ಹಳೆಯದಾಗಿದ್ದರೆ ಹೊಸ ಟರ್ಬೊ ಕೂಡ ಹೆಚ್ಚು ದಿನ ಬಾಳದು. ಮುರಿದ ಚೂರುಗಳೂ ನಿಂತ ಎಣ್ಣೆಯೂ ಇಂಟರ್‌ಕೂಲರಿನಲ್ಲಿ ಉಳಿದಿರುತ್ತವೆ. ಅದನ್ನು ತೊಳೆಸದೆ ಹೊಸದನ್ನು ಜೋಡಿಸಬಾರದು. ರೋಗದ ಹೊಲದಲ್ಲಿ ಮಣ್ಣನ್ನು ಸರಿಪಡಿಸದೆ ಹೊಸ ಸಸಿ ನೆಟ್ಟಂತಾಗುತ್ತದೆ.

ಅಪಾಯದ ಸೂಚನೆ

ನೀಲಿ ಹೊಗೆ ಬರುತ್ತಿದ್ದು ಆಯಿಲ್ ಬೇಗ ಬೇಗ ಇಳಿಯುತ್ತಿದ್ದರೆ ವಾಹನವನ್ನು ಓಡಿಸಬೇಡಿರಿ. ಟರ್ಬೊದ ಸೀಲು ಪೂರ್ತಿ ಬಿಟ್ಟರೆ ಎಂಜಿನ್ ಆಯಿಲ್ ಗಾಳಿಯೊಡನೆ ಸಿಲಿಂಡರಿಗೆ ಹೋಗಿ ಡೀಸೆಲಿನಂತೆಯೇ ಉರಿಯುತ್ತದೆ. ಆಗ ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗೇರಿನ ವಾಹನವಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ತಡೆದು ನಿಲ್ಲಿಸಬೇಕು. ಅದು ಆಗದಿದ್ದರೆ ಎಲ್ಲರೂ ವಾಹನದಿಂದ ದೂರ ಸರಿಯಬೇಕು. ಗಾಳಿಯ ಕೊಳವೆಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬಾರದು. ಎಂಜಿನ್ ಹೋದರೆ ಮತ್ತೊಂದು ಸಿಗುತ್ತದೆ, ಕೈ ಸಿಗುವುದಿಲ್ಲ.

ಒತ್ತಡ ಮಿತಿಮೀರುವ ದೋಷವನ್ನೂ ಹಗುರವಾಗಿ ಕಾಣಬಾರದು. ಮೊದಮೊದಲು ವಾಹನ ಹೆಚ್ಚು ಚುರುಕಾಗಿದೆ ಎನಿಸಬಹುದು. ಆದರೆ ಅದು ಪಿಸ್ಟನ್ನಿಗೂ ಹೆಡ್ ಗ್ಯಾಸ್ಕೆಟಿಗೂ ಹಾನಿ ತರುತ್ತದೆ. ಎಳೆತ ಹೆಚ್ಚಲೆಂದು ಆಕ್ಚುಯೇಟರ್ ಸಲಾಕೆಯ ಸ್ಕ್ರೂ ತಿರುಗಿಸುವವರ ಮಾತು ಕೇಳಬೇಡಿರಿ.

ಟರ್ಬೊ ಬಾಳಿಕೆಗೆ ಅನುಸರಿಸಬೇಕಾದ ಕ್ರಮಗಳು

1. ತಯಾರಕರು ಹೇಳಿದ ದರ್ಜೆಯ ಆಯಿಲನ್ನೇ ಬಳಸಿ, ಗಡುವಿಗೆ ಸರಿಯಾಗಿ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಟರ್ಬೊ ಆಯಸ್ಸಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.
2. ಬೆಳಿಗ್ಗೆ ಚಾಲೂ ಮಾಡಿದ ಮೇಲೆ ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಡಬೇಕು.
3. ಘಟ್ಟ ಹತ್ತಿದ ಮೇಲೆ ಅಥವಾ ಭಾರ ಎಳೆದ ಮೇಲೆ ಎಂಜಿನ್ನನ್ನು ಕೂಡಲೇ ನಿಲ್ಲಿಸದೆ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಡಬೇಕು. ತಟ್ಟನೆ ನಿಲ್ಲಿಸಿದರೆ ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ.
4. ಧೂಳಿನ ಕಾಲದಲ್ಲಿ ಏರ್ ಫಿಲ್ಟರನ್ನು ಹೆಚ್ಚು ಸಲ ನೋಡಬೇಕು.
5. ಬಣವೆ, ಕಣಜ, ದಾಸ್ತಾನಿನ ಪಕ್ಕದಲ್ಲಿ ವಾಹನ ನಿಲ್ಲಿಸಬಾರದು. ಬಹಳ ದಿನ ನಿಲ್ಲಿಸಿದ್ದರೆ ಹೊರಡುವ ಮುನ್ನ ಬಾನೆಟ್ ಎತ್ತಿ ಇಲಿಯ ಹಿಕ್ಕೆ, ಗೂಡು, ಕಡಿತ ಇದೆಯೇ ಎಂದು ನೋಡಬೇಕು.

ಕೊನೆಯದಾಗಿ

ಮೆಕ್ಯಾನಿಕರೆಲ್ಲರೂ ಮೋಸ ಮಾಡುತ್ತಾರೆ ಎಂದು ಇದರ ಅರ್ಥವಲ್ಲ. ವಿವರ ತಿಳಿಯದ ಗಿರಾಕಿಗೆ ವಿವರ ಹೇಳುವ ಗೋಜಿಗೆ ಹೋಗದೆ ದೊಡ್ಡ ಭಾಗವನ್ನೇ ಬದಲಿಸಿಬಿಡುವುದು ಅವರಿಗೂ ಸುಲಭವಾಗಿದೆ. ಇನ್ನು ಮುಂದೆ ಟರ್ಬೊ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಕೊಳವೆಗಳಲ್ಲಿ ಸೋರಿಕೆ ನೋಡಿದಿರಾ? ಆಕ್ಚುಯೇಟರ್ ಆಡುತ್ತಿದೆಯೇ? ಬಯಸಿದ ಒತ್ತಡ ಎಷ್ಟು, ಬಂದ ಒತ್ತಡ ಎಷ್ಟು? ದಂಡದಲ್ಲಿ ಆಟವಿದೆಯೇ? ಉತ್ತರ ಕೊಡಬಲ್ಲವರಿಗೆ ಕೆಲಸ ಒಪ್ಪಿಸಿರಿ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ರೈತ ಹೇಗೆ ಕಡಿಮೆ ಖರ್ಚಿನಲ್ಲಿ ಬೆಳೆ ತೆಗೆಯುತ್ತಾನೋ, ಕಾರಣ ಕಂಡುಕೊಂಡು ದುರಸ್ತಿ ಮಾಡಿಸುವ ರೈತನ ಗಾಡಿಯೂ ಹಾಗೆಯೇ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಾಲ ಬಾಳುತ್ತದೆ.